ಜಂಕ್ಷನ್ ಪಕ್ಕದ ಹೊಸ ಕಟ್ಟಡ ಮತ್ತು ಅದರ ಗೇಟು

ಜಂಕ್ಷನ್ ಪಕ್ಕದ ಖಾಲಿ ಜಾಗದಲ್ಲಿ ದೊಡ್ಡ ಕಟ್ಟಡವೊಂದು ಬರುತ್ತದೆ ಎಂದು ಗೊತ್ತಾದ ಕೂಡಲೇ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ, ರಸ್ತೆ ಅಗಲ ಮಾಡುತ್ತಾರೆಯೇ ಎಂಬುದು. ಪ್ರಶ್ನೆ ಸಹಜವಾದದ್ದೇ, ಆದರೆ ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮೊದಲು ಕಟ್ಟಡದ ನಕ್ಷೆಯನ್ನು ತರಿಸಿಕೊಂಡು, ಗೇಟು ಎಲ್ಲಿದೆ, ಒಳಗೆ ಎಷ್ಟು ವಾಹನಗಳಿಗೆ ಜಾಗ ಕೊಟ್ಟಿದ್ದಾರೆ ಎಂದು ನೋಡಬೇಕು.

ಇಷ್ಟು ಒತ್ತಿ ಹೇಳುವುದೇಕೆ ಎಂದು ತಿಳಿಯಲು ಸಿಗ್ನಲ್ಲಿನ ಲೆಕ್ಕವನ್ನು ಒಮ್ಮೆ ಕೂಡಿ ನೋಡಿದರೆ ಸಾಕು. ಹಸಿರು ದೀಪ ಹತ್ತಿದ ಮೇಲೆ ಒಂದು ಪಥದಿಂದ ಕಾರುಗಳು ಹೆಚ್ಚುಕಡಿಮೆ ಎರಡು ಸೆಕೆಂಡಿಗೊಂದರಂತೆ ಹೊರಡುತ್ತವೆ. ಎಲ್ಲ ದಿಕ್ಕಿಗೂ ಒಮ್ಮೊಮ್ಮೆ ಹಸಿರು ಸಿಕ್ಕಿ ಮುಗಿಯುವ 120 ಸೆಕೆಂಡಿನ ಒಂದು ಸುತ್ತಿನಲ್ಲಿ ಒಂದು ದಿಕ್ಕಿಗೆ 30 ಸೆಕೆಂಡ್ ಹಸಿರು ಸಿಕ್ಕರೆ, ಸಾಲಿನ ಮೊದಲ ವಾಹನ ಹೊರಡುವುದರಲ್ಲೇ ಕಳೆದುಹೋಗುವ ಒಂದೆರಡು ಸೆಕೆಂಡ್ ಬಿಟ್ಟು, ಸುಮಾರು 14 ಕಾರುಗಳು ದಾಟುತ್ತವೆ. ಸುತ್ತಿಗೆ 13 ಕಾರುಗಳು ಬರುತ್ತಿರುವ ತನಕ ಎಲ್ಲವೂ ಹೇಗೋ ನಡೆಯುತ್ತದೆ. ಹೊಸ ಕಟ್ಟಡ ಅದಕ್ಕೆ ಎರಡನ್ನು ಸೇರಿಸಿತೆಂದರೆ 15 ಬಂದು 14 ಹೋಗುತ್ತವೆ, ಪ್ರತಿ ಸುತ್ತಿನಲ್ಲೂ ಒಂದು ಹಿಂದೆ ಉಳಿಯುತ್ತದೆ. ಗಂಟೆಗೆ 30 ಸುತ್ತುಗಳಂತೆ, ಒಂದು ಗಂಟೆ ಮುಗಿಯುವ ಹೊತ್ತಿಗೆ 30 ಕಾರುಗಳ ಸಾಲು ಹೆಚ್ಚುವರಿಯಾಗಿ ನಿಂತಿರುತ್ತದೆ. ನಡುವಿನ ಅಂತರವೂ ಸೇರಿ ಕಾರಿಗೆ ಏಳು ಮೀಟರ್ ಹಿಡಿದರೆ ಅದು 210 ಮೀಟರ್. ಹಿಂದಿನ ಜಂಕ್ಷನ್ ಅಷ್ಟು ದೂರದೊಳಗೆ ಇದ್ದರೆ ಅದೂ ಕಟ್ಟಿಕೊಳ್ಳುತ್ತದೆ. ಯೋಜನೆಯಿಂದ ವಾಹನಗಳು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಹೆಚ್ಚುತ್ತವೆ ಎಂಬ ಸಾಲು, ಹೊಸ ಕಟ್ಟಡದಿಂದ ರಸ್ತೆಗೆ ಬೀಳುವ ಹೊರೆಯನ್ನು ಮೊದಲೇ ಅಂದಾಜಿಸುವ ಸಂಚಾರ ಪರಿಣಾಮ ವರದಿಗಳಲ್ಲಿ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುವುದು ಇದೇ ಕಾರಣಕ್ಕೆ. ಅದೇ ಜಂಕ್ಷನ್ ಸುತ್ತ ನಾಲ್ಕು ನಿವೇಶನಗಳಿದ್ದು, ನಾಲ್ವರು ಬಿಲ್ಡರ್‌ಗಳೂ ತಮ್ಮ ತಮ್ಮ ಅತ್ಯಲ್ಪವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ, ನಾಲ್ಕನ್ನೂ ಕೂಡಿಸಿ ನೋಡುವ ಹೊಣೆ ಯಾರಿಗೂ ಇರುವುದಿಲ್ಲ.

ಗೇಟಿನ ವಿಷಯಕ್ಕೆ ಬರೋಣ. ರಸ್ತೆಗೆ ತೆರೆದ ಪ್ರತಿಯೊಂದು ಗೇಟೂ ಒಂದು ಸಣ್ಣ ಜಂಕ್ಷನ್ನೇ. ಮೂರು ಕವಲುಗಳ ಸಾಮಾನ್ಯ ಜಂಕ್ಷನ್ನಿನಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಅಡ್ಡ ದಾಟುವ, ಕೂಡುವ ಇಲ್ಲವೇ ಕವಲೊಡೆಯುವ ಒಂಬತ್ತು ಬಿಂದುಗಳಿರುತ್ತವೆ, ನಾಲ್ಕು ಕವಲುಗಳಲ್ಲಿ 32. ಸಿಗ್ನಲ್ಲಿನ ನಿಲುಗಡೆ ಗೆರೆಯಿಂದ ಮೂವತ್ತು ಮೀಟರ್ ದೂರದಲ್ಲೇ ಗೇಟು ಇಟ್ಟರೆ, ಕೆಂಪು ದೀಪಕ್ಕೆ ನಾಲ್ಕೈದು ಕಾರು ನಿಂತ ತಕ್ಷಣ ಅದರ ಬಾಯಿ ಮುಚ್ಚಿಹೋಗುತ್ತದೆ. ಒಳಗಿನಿಂದ ಬರುವವರು ಸಾಲಿನ ಸಂದಿಯಲ್ಲಿ ಮೂತಿ ತೂರಿಸುತ್ತಾರೆ, ಎದುರು ದಿಕ್ಕಿನಿಂದ ಬಂದು ಒಳಗೆ ತಿರುಗಬೇಕಾದವರು ರಸ್ತೆಯ ನಡುವೆಯೇ ಕಾಯುತ್ತಾರೆ, ಅವರ ಹಿಂದೆ ನಿಂತ ವಾಹನಗಳು ಜಂಕ್ಷನ್ನಿನ ಒಡಲಿಗೇ ಬಂದು ಸಿಕ್ಕಿಕೊಳ್ಳುತ್ತವೆ. ಆಗ ಸಿಗ್ನಲ್ಲಿನ ಸಮಯವನ್ನು ಎಷ್ಟು ಚೆನ್ನಾಗಿ ಹೊಂದಿಸಿದರೂ ಪ್ರಯೋಜನವಿಲ್ಲ. ಅದೇ ಗೇಟನ್ನು ಜಂಕ್ಷನ್ನಿನಿಂದ ಸಾಧ್ಯವಾದಷ್ಟು ದೂರಕ್ಕೆ ಸರಿಸಿ, ಮುಖ್ಯರಸ್ತೆಯಲ್ಲಿ ವಿಭಜಕ ಹಾಕಿ, ಎದುರಿನ ಸಾಲನ್ನು ಅಡ್ಡ ದಾಟದೆ ಪಕ್ಕದಿಂದಲೇ ಒಳಹೋಗಿ ಪಕ್ಕದಿಂದಲೇ ಹೊರಬರುವಂತೆ ಮಾಡಿದರೆ ಒಂಬತ್ತು ಬಿಂದುಗಳು ಎರಡಕ್ಕೆ ಇಳಿಯುತ್ತವೆ. ಪಕ್ಕದ ಕಟ್ಟಡದೊಂದಿಗೆ ಒಂದೇ ಗೇಟನ್ನು ಹಂಚಿಕೊಳ್ಳುವಂತಾದರೆ ಇನ್ನೂ ಒಳ್ಳೆಯದು.

ಗೇಟಿನಲ್ಲಿ ಚೀಟಿ ಕೊಡುವ ತಡೆಗಂಬವನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಒಂದು ಕಾರಿಗೆ ಹತ್ತು ಸೆಕೆಂಡ್ ಹಿಡಿದರೂ ಗಂಟೆಗೆ 360 ಕಾರುಗಳಿಗಿಂತ ಹೆಚ್ಚು ಒಳಹೋಗಲಾರವು; ಬೆಳಗಿನ ಕಾಲು ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬಂದರೆ ಉಳಿದವರು ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಬೇಕು. ಆ ಕಂಬವನ್ನು ನಿವೇಶನದ ಒಳಗೆ ಐವತ್ತು ಮೀಟರ್ ಹಿಂದಕ್ಕೆ ಒಯ್ದರೆ ಏಳು ಕಾರುಗಳು ಅವರ ಜಾಗದಲ್ಲೇ ಕಾಯುತ್ತವೆ.

ಇನ್ನು ಪಾರ್ಕಿಂಗ್. ಬೇಸ್‌ಮೆಂಟಿನಲ್ಲಿ ಹೆಚ್ಚು ಜಾಗವಿದ್ದಷ್ಟೂ ರಸ್ತೆಗೆ ಹೊರೆ ಕಡಿಮೆ ಎಂದು ಬಹಳ ಜನ ನಂಬಿದ್ದಾರೆ. ರಸ್ತೆಬದಿಯಲ್ಲಿ ನಿಲ್ಲುವ ವಾಹನಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಅಲ್ಲಿಗೆ ಬರುವ ಪ್ರತಿಯೊಂದು ಕಾರೂ ಆ ಜಂಕ್ಷನ್ನನ್ನು ದಾಟಿಯೇ ಬರಬೇಕು, ದಾಟಿಯೇ ಹೋಗಬೇಕು, ಮತ್ತು ಖಚಿತವಾದ, ಬಿಟ್ಟಿ ಪಾರ್ಕಿಂಗ್ ಸಿಗುವ ಕಡೆಗೆ ಜನ ಬಸ್ಸು ಬಿಟ್ಟು ಕಾರಿನಲ್ಲೇ ಹೊರಡುತ್ತಾರೆ. ಲಂಡನ್ ನಗರ 2004ರಲ್ಲಿ ಹೊಸ ಕಟ್ಟಡಗಳಿಗಿದ್ದ ಕನಿಷ್ಠ ಪಾರ್ಕಿಂಗಿನ ನಿಯಮವನ್ನು ಕೈಬಿಟ್ಟು ಗರಿಷ್ಠ ಮಿತಿಯನ್ನು ತಂದದ್ದು ಈ ತರ್ಕಕ್ಕೆ ಒಪ್ಪುವ ಕ್ರಮ. ಬಸ್ ನಿಲ್ದಾಣಕ್ಕೆ ನೇರವಾದ ನಡಿಗೆಯ ದಾರಿ, ಸೈಕಲ್ಲಿಗೆ ಭದ್ರವಾದ ತಾಣ, ಕಚೇರಿಗಳ ಹೊತ್ತಿನಲ್ಲಿ ಒಂದಿಷ್ಟು ಹಿಂದುಮುಂದು, ಸರಕು ಲಾರಿಗಳಿಗೆ ದಟ್ಟಣೆಯಿಲ್ಲದ ವೇಳೆ: ಇವು ಕಣ್ಣಿಗೆ ಕಾಣುವ ಕಾಮಗಾರಿಗಳಲ್ಲದ ಕಾರಣ ಉದ್ಘಾಟನೆಗೆ ಒದಗುವುದಿಲ್ಲ, ಆದರೆ ಸುತ್ತಿಗೆ ಸೇರುವ ಆ ಎರಡು ಕಾರುಗಳನ್ನು ಬಾರದಂತೆ ತಡೆಯುವ ಶಕ್ತಿ ಇವಕ್ಕಿದೆ.

ಅಗಲೀಕರಣವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ತಿರುಗುವ ವಾಹನಗಳಿಗೆ ಬೇಕಾದ ಒಂದು ಚಿಕ್ಕ ಪಥ ಕೆಲವೆಡೆ ನಿಜಕ್ಕೂ ನೆರವಾಗುತ್ತದೆ. ಆದರೆ ಅದರ ಬೆಲೆ ತೆರುವವರು ನಡೆಯುವವರು. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ನಡೆಯುವವರಿಗೆ ಮೂರೂವರೆ ಮೀಟರಿನ ಒಂದು ಹೊಸ ಪಥವೆಂದರೆ ಇನ್ನೂ ಮೂರು ಸೆಕೆಂಡ್ ವಾಹನಗಳ ಎದುರಿನಲ್ಲಿರುವುದು. ವಯಸ್ಸಾದವರಿಗೆ, ಮಗುವಿನ ಕೈ ಹಿಡಿದವರಿಗೆ ಇನ್ನೂ ಹೆಚ್ಚು. ವಾಹನಗಳು ಸರಾಸರಿ ಎಷ್ಟು ಸೆಕೆಂಡ್ ಕಾದವು ಎಂಬುದರ ಮೇಲೆ ಜಂಕ್ಷನ್ನಿಗೆ ಎ ಇಂದ ಎಫ್ ತನಕ ದರ್ಜೆ ಕೊಡುವ ಅಮೆರಿಕದ ಪದ್ಧತಿಯಲ್ಲಿ 80 ಸೆಕೆಂಡ್ ಮೀರಿದ ಸಿಗ್ನಲ್ಲಿಗೆ ಎಫ್ ಸಿಗುತ್ತದೆ; ರಸ್ತೆ ದಾಟಲು ನಿಂತವರ ಕಾಯುವಿಕೆ ಆ ಸರಾಸರಿಯಲ್ಲಿ ಸೇರುವುದೇ ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2013ರ ಕಾನೂನಿನ ಮೂಲಕ ಈ ಅಳತೆಯನ್ನು ಪರಿಸರ ಪರಿಶೀಲನೆಯಿಂದ ಕೈಬಿಡಲು ಹೊರಟು, 2020ರ ಜುಲೈ 1ರಿಂದ ರಾಜ್ಯದಾದ್ಯಂತ ಅದರ ಬದಲಿಗೆ ಯೋಜನೆಯಿಂದ ಹುಟ್ಟುವ ವಾಹನ ಓಡಾಟದ ಒಟ್ಟು ದೂರವನ್ನು ಮಾನದಂಡವಾಗಿ ಇರಿಸಿತು. ಪ್ರಶ್ನೆಯನ್ನು ಹೀಗೆ ಬದಲಿಸಿದ್ದು ಬಹಳ ದೊಡ್ಡ ಹೆಜ್ಜೆ ಎಂದು ನನಗನಿಸುತ್ತದೆ.

ಕೊಟ್ಟ ಮಾತಿನ ಪಾಲನೆಯ ಮಾತೂ ಇದೆ. ಪರಿಣಾಮ ವರದಿ ಕಟ್ಟಡ ಏಳುವ ಮೊದಲು ಬರೆದ ಅಂದಾಜು. ಕಟ್ಟಡ ತುಂಬಿದ ಮೇಲೆ ಅದನ್ನು ತೆರೆದು ನೋಡುವವರು ವಿರಳ. ಕಟ್ಟಡವನ್ನು ಬಳಸಲು ಒಪ್ಪಿಗೆ ನೀಡುವ ಸ್ವಾಧೀನಾನುಭವ ಪತ್ರ ಕೊಡುವ ಮುನ್ನವೇ ಗೇಟು, ವಿಭಜಕ, ಪಾದಚಾರಿ ಮಾರ್ಗ ಎಲ್ಲವೂ ನಕ್ಷೆಯಲ್ಲಿದ್ದಂತೆ ಮುಗಿದಿರಬೇಕು. ಜನ ಬಂದು ನೆಲೆಸಿದ ಮೇಲೆ ದಟ್ಟಣೆಯ ಹೊತ್ತಿನಲ್ಲಿ ಗೇಟಿನಲ್ಲಿ ಮತ್ತೆ ವಾಹನ ಎಣಿಸಿ, ಆ ಅಂಕಿಗಳನ್ನು ವರದಿಯ ಅಂಕಿಗಳ ಪಕ್ಕದಲ್ಲಿಟ್ಟು ಸಾರ್ವಜನಿಕರ ಮುಂದಿಡಬೇಕು; ಎಣಿಕೆ ಅಂದಾಜನ್ನು ಮೀರಿದ್ದರೆ, ಅದನ್ನು ಇಳಿಸುವ ಕ್ರಮಗಳು ಜಾರಿಯಾಗುವ ತನಕ ಎರಡನೆಯ ಹಂತದ ಕಾಮಗಾರಿಗೆ ಅನುಮತಿ ಕೊಡಬಾರದು, ಮತ್ತು ಈ ಷರತ್ತು ಮೊದಲ ಅನುಮತಿ ಪತ್ರದಲ್ಲೇ ಬರಹದಲ್ಲಿ ಇರಬೇಕು.