ಅಪ್ಪು ಕಣ್ಣುಗಳು ನಾಲ್ವರಿಗೆ: ಅದು ಸುಳ್ಳಲ್ಲ

‘ಇರೋದೇ ಎರಡು ಕಣ್ಣು, ನಾಲ್ವರಿಗೆ ಹೇಗೆ ಕೊಟ್ಟರು? ಇದೆಲ್ಲ ಬರೀ ಪ್ರಚಾರ’ ಎಂಬ ಮಾತು ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದ ಬಗ್ಗೆ ಹರಿದಾಡುತ್ತಿದೆ. ಇದು ತಪ್ಪು.

ನೇತ್ರದಾನದಲ್ಲಿ ಇಡೀ ಕಣ್ಣುಗುಡ್ಡೆಯನ್ನು ಯಾರಿಗೂ ಜೋಡಿಸುವುದಿಲ್ಲ. ಕಸಿ ಮಾಡುವುದು ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯನ್ನು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಷ್ಟು ತೆಳುವಾದದ್ದನ್ನೂ ಪದರಗಳಾಗಿ ಬಿಡಿಸಬಹುದು! ಮುಂಪದರ ಹಾಳಾದವರಿಗೆ ಮುಂಭಾಗ, ಒಳಪದರ ಕೆಟ್ಟವರಿಗೆ ಹಿಂಭಾಗ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮಾಡಿದ್ದು ಇದನ್ನೇ. ಹೀಗೆ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂತು. 2006ರಲ್ಲಿ ಅಣ್ಣಾವ್ರ ಕಣ್ಣುಗಳೂ ದಾನವಾಗಿದ್ದವು. ಆ ಮನೆಗೆ ಇದು ಹೊಸದಲ್ಲ.

ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು ಕಣ್ಣು ಕೊಡುವಂತಿಲ್ಲ ಎಂಬುದೂ ನಿಜವಲ್ಲ. ಅವರೂ ಕೊಡಬಹುದು, ಕಣ್ಣಿನ ಪೊರೆ (ಕ್ಯಾಟರಾಕ್ಟ್) ತೆಗೆಸಿಕೊಂಡವರೂ ಕೊಡಬಹುದು. ಆದರೆ ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಆದ್ದರಿಂದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದವರು ದಯವಿಟ್ಟು ಮನೆಯಲ್ಲೂ ಹೇಳಿಡಿ.