ಸ್ಪಷ್ಟನೆ: ‘ಬಿಸಿಲು ರೂಢಿಯಾದವರಿಗೆ ಏನೂ ಆಗಲ್ಲ’ ಎಂಬುದು ತಪ್ಪು

“ರಾಯಚೂರು, ಕಲಬುರಗಿಯವರಿಗೆ ಬಿಸಿಲು ರೂಢಿ, ಅವರಿಗೇನೂ ಅನಿಸಲ್ಲ” ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ. ಮೈ ಒಂದೆರಡು ವಾರದಲ್ಲಿ ಬಿಸಿಲಿಗೆ ಸ್ವಲ್ಪ ಹೊಂದಿಕೊಳ್ಳುವುದು ನಿಜ. ಮನಸ್ಸಿನ ಕತೆ ಬೇರೆ. 157 ದೇಶಗಳ ಜನ 2019ರಲ್ಲಿ ಜಾಲತಾಣಗಳಲ್ಲಿ ಬರೆದದ್ದನ್ನು ಜಾಲಾಡಿದ ಅಧ್ಯಯನವೊಂದು 2025ರಲ್ಲಿ ಬಂತು. ತಾಪ 35 ಡಿಗ್ರಿ ದಾಟಿದರೆ ಶ್ರೀಮಂತ ದೇಶಗಳಲ್ಲಿ ಜನರ ಮಾತಿನ ಧಾಟಿ ಸುಮಾರು ಶೇ 8ರಷ್ಟು ಕಹಿಯಾಗಿತ್ತು. ಕಡಿಮೆ ಆದಾಯದ ದೇಶಗಳಲ್ಲಿ ಶೇ 25ರಷ್ಟು. ಅದೂ ಫೋನ್ ಇದ್ದವರ ಲೆಕ್ಕ, ಅಲ್ವಾ?

ತಗಡಿನ ಮನೆ ಮಧ್ಯರಾತ್ರಿಯಾದರೂ ಆರುವುದಿಲ್ಲ. ಮಗು ಬೆವರುಸಾಲೆ ಕೆರೆದುಕೊಂಡು ಅಳುತ್ತದೆ. ನಿದ್ದೆಗೆಟ್ಟ ಕಣ್ಣಲ್ಲೇ ತಾಯಿ ಕೂಲಿಗೆ ಹೊರಡಬೇಕು. ಇದನ್ನು ಸುಮ್ನೆ ರೂಢಿ ಅಂದುಬಿಟ್ಟರೆ ಹೇಗೆ? ಬೇಸಿಗೆಯಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳನ್ನು ಮಧ್ಯಾಹ್ನ 1.30ಕ್ಕೇ ಮುಗಿಸುತ್ತಾರೆ. ಗಾರೆ ಕೆಲಸದವರಿಗೆ ಆ ಅನುಕೂಲವಿಲ್ಲ.