ಬ್ರಹ್ಮಚರ್ಯವೆಂದರೆ ಬಿಡುವಿನ ಲೆಕ್ಕವಲ್ಲ

ನಿನ್ನೆ ಕಥೋಲಿಕ ಗುರುಗಳೊಬ್ಬರ (ಪಾದ್ರಿಯವರ) ದೀಕ್ಷೆಯ ಬೆಳ್ಳಿಹಬ್ಬದಲ್ಲಿ ಭಾಷಣಕಾರರೊಬ್ಬರು, ‘ಹೆಂಡತಿ ಮಕ್ಕಳ ಜಂಜಾಟವಿಲ್ಲದ್ದರಿಂದಲೇ ಇವರಿಂದ ಇಷ್ಟೊಂದು ಸಮಾಜಸೇವೆ ಸಾಧ್ಯವಾಯಿತು’ ಎಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು. ಶಾಲೆ, ಆಸ್ಪತ್ರೆ ಕಟ್ಟುವುದಕ್ಕೆ ಬ್ರಹ್ಮಚರ್ಯವೇ ಬೇಕೆಂದೇನಿಲ್ಲ. ಸಂಸಾರಸ್ಥರೂ ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ಪುನರುತ್ಥಾನವಾದ ಮೇಲೆ, ಅಂದರೆ ಸತ್ತವರು ಮತ್ತೆ ಜೀವದಿಂದ ಎದ್ದ ಮೇಲೆ, ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲವೆಂದು ಯೇಸುಸ್ವಾಮಿ ಹೇಳಿದ ಮಾತು ಬೈಬಲಿನ ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯದಲ್ಲಿದೆ. ಆ ಬದುಕು ಬಂದೇ ಬರುತ್ತದೆಂದು ನಂಬಿ, ಅದನ್ನು ಈ ಮಣ್ಣಿನಲ್ಲೇ ಬದುಕತೊಡಗುವವರು ನಮ್ಮ ಗುರುಗಳು, ಧರ್ಮಭಗಿನಿಯರು. ನಿತ್ಯಜೀವವೇ ಸುಳ್ಳಾದರೆ ಅವರ ವ್ರತಕ್ಕೆ ಅರ್ಥವಿಲ್ಲ.

ಪೋಲೆಂಡಿನ ಕಥೋಲಿಕ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆಯವರನ್ನು ಇಲ್ಲಿ ನೆನೆಯುತ್ತೇನೆ. 1941ರ ಜುಲೈ ಕೊನೆಯಲ್ಲಿ, ನಾಜಿಗಳ ಔಶ್ವಿಟ್ಜ್ ಸೆರೆಶಿಬಿರದಿಂದ ಕೈದಿಯೊಬ್ಬ ತಪ್ಪಿಸಿಕೊಂಡನೆಂದು, ಹತ್ತು ಮಂದಿಯನ್ನು ಉಪವಾಸ ಕೆಡವಿ ಸಾಯಿಸಲು ಆರಿಸಿದರು. ಅವರಲ್ಲೊಬ್ಬರಾದ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟಾಗ, 16670ನೇ ಸಂಖ್ಯೆಯ ಕೈದಿಯಾಗಿದ್ದ ಕೋಲ್ಬೆಯವರು ಸಾಲು ಬಿಟ್ಟು ಮುಂದೆ ಬಂದು, ತಾನು ಕಥೋಲಿಕ ಗುರುವೆಂದೂ, ಸಂಸಾರವಿರುವ ಆತನ ಬದಲು ತನ್ನನ್ನು ಕಳುಹಿಸಬೇಕೆಂದೂ ಕೇಳಿಕೊಂಡರು.

‘ಅದೂ ಸೇವೆಯೇ, ಒಂದು ಜೀವ ಉಳಿಯಿತಲ್ಲ’ ಎನ್ನುವವರಿದ್ದಾರೆ. ಹಾಗಾದರೆ ಉಳಿದ ಒಂಬತ್ತು ಮಂದಿ? ಅವರನ್ನು ಬದುಕಿಸಲು, ಒಂದು ತುತ್ತು ಉಣಿಸಲು ಕೂಡ ಕೋಲ್ಬೆಯವರಿಂದ ಆಗಲಿಲ್ಲ. ಅವರನ್ನೆಲ್ಲ ಕೂಡಿಹಾಕಿದ್ದ 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಕೋಲ್ಬೆಯವರು ಜಪಮಾಲೆ ಹೇಳಿಸಿದರು, ಸ್ತುತಿಗೀತೆ ಹಾಡಿಸಿದರು. ಪಕ್ಕದ ಕೋಣೆಗಳ ಕೈದಿಗಳೂ ದನಿಗೂಡಿಸುತ್ತಿದ್ದರೆಂದು ಅಲ್ಲಿ ದುಭಾಷಿಯಾಗಿದ್ದ ಕೈದಿಯೊಬ್ಬರು ಮುಂದೆ ಸಾಕ್ಷ್ಯ ನುಡಿದರು. ಎರಡು ವಾರಗಳ ಬಳಿಕವೂ ಉಸಿರಾಡುತ್ತಿದ್ದ ನಾಲ್ವರನ್ನು ಆಗಸ್ಟ್ 14ರಂದು ಫಿನಾಲ್ ಎಂಬ ವಿಷ ಚುಚ್ಚಿ ಕೊಂದರು, ಕೋಲ್ಬೆಯವರು ಅವರಲ್ಲೊಬ್ಬರು. ಸಾವಿನಾಚೆ ಏನೂ ಇಲ್ಲದಿದ್ದರೆ ಆ ಕೋಣೆಯಲ್ಲಿ ಗುರುವೊಬ್ಬರಿಗೆ ಏನು ಕೆಲಸವಿತ್ತು?

ಮದುವೆಯನ್ನು ನಾನು ಕೀಳುಗಳೆಯುತ್ತಿಲ್ಲ, ನಾನೂ ಸಂಸಾರಿಯೇ. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಪೆರ್ಪೆತುವ ಮೊಲೆಯುಣ್ಣುವ ಕೂಸಿನ ತಾಯಿ. ಕೋಲ್ಬೆಯವರಾದರೋ 1914ರಲ್ಲಿ ರೋಮಿನಲ್ಲಿ ನಿತ್ಯವ್ರತ, ಅಂದರೆ ಬದುಕಿರುವವರೆಗಿನ ಸನ್ಯಾಸವ್ರತ, ಸ್ವೀಕರಿಸಿದಂದೇ ತಮ್ಮ ಬದುಕನ್ನು ಒಪ್ಪಿಸಿಬಿಟ್ಟಿದ್ದರು.

1971ರಲ್ಲಿ ಅವರನ್ನು ಧನ್ಯರೆಂದು (ಸಂತಪದವಿಯ ಹಿಂದಿನ ಮೆಟ್ಟಿಲು) ಘೋಷಿಸಿದಾಗ ರಕ್ತಸಾಕ್ಷಿ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು, ಎಂದು ಕರೆದಿರಲಿಲ್ಲ. ಅವರನ್ನು ಕೊಂದದ್ದು ವಿಶ್ವಾಸದ ಮೇಲಿನ ದ್ವೇಷದಿಂದಲೇ ಎಂಬ ಪ್ರಶ್ನೆಯಿತ್ತು. 1982ರ ಅಕ್ಟೋಬರ್ 10ರಂದು ಪೋಪ್ ಎರಡನೇ ಜಾನ್ ಪೌಲರು ರಕ್ತಸಾಕ್ಷಿಯೆಂದೇ ಸಾರಿ ಸಂತಪದವಿಗೇರಿಸಿದರು. ಬದುಕುಳಿದಿದ್ದ ಗಯೋವ್ನಿಚೆಕ್ ಅಂದಿನ ಬಲಿಪೂಜೆಯಲ್ಲಿ (ಕಥೋಲಿಕರ ಮುಖ್ಯ ಆರಾಧನೆ) ಇದ್ದರು. ಪೋಪರ ಆ ತೀರ್ಮಾನ ನೂರಕ್ಕೆ ನೂರು ಸರಿ ಎಂದೇ ನಾನು ನಂಬಿದ್ದೇನೆ.